ಹೊಳೆ ಕಿರಿದಾಗುವ ಊರಿಗೆ

ಮಾರ್ಚ್ 9, 2008, ಭಾನುವಾರ. ಕ್ವೇಕರ್ಸ್ ಹಿಲ್

ಈ ಪುಸ್ತಕ ಮಗಳು ದೀಕ್ಷಿತಾ ಕೊಟ್ಟದ್ದು. ಕಳೆದ ತಿಂಗಳು ಮೆಲ್ಬರ್ನ್‌ನಿಂದ ಬಂದವಳು ಹೊರಡುವಾಗ ಕೈಯಲ್ಲಿಟ್ಟು, "ಅಮ್ಮಾ, ದಿನಕ್ಕೆ ಆರು ಸಲ ನಂಗೆ ಫೋನ್ ಮಾಡಿ ವರಿ ಹೇಳ್ಬೇಡ. ಇದ್ರಲ್ಲಿ ಬರಿ. ಐ ಆಮ್ ಸೀರಿಯಸ್" ಎಂದಳು. ಇಷ್ಟು ದಿನ ಅದು ಅಕ್ಕಿ ಡಬ್ಬದ ಮೇಲೆ ಬಿದ್ದಿತ್ತು. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು ನಾನು. ಮನೆಯಲ್ಲಿ ಆಡುವುದು ತುಳು, ಬರೆಯಲು ಬರುವುದು ಕನ್ನಡ, ಅದರಲ್ಲೂ ಒತ್ತಕ್ಷರ ಬಂದಲ್ಲಿ ಪೆನ್ನು ನಿಲ್ಲುತ್ತದೆ. ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ಬೆಳಿಗ್ಗೆ ತಮ್ಮ ಸುಕೇಶ ಫೋನ್ ಮಾಡಿದ. ಅವನು ದೀಪಾವಳಿಗೆ ಬಿಟ್ಟು ಬೇರೆ ದಿನ ಮಾಡುವವನಲ್ಲ. ಯಾರೋ ತೀರಿಕೊಂಡರು ಎಂದೇ ತಿಳಿದು ಕುರ್ಚಿ ಹಿಡಿದುಕೊಂಡೆ.

"ಅಕ್ಕಾ, ಹೆಣ್ಣು ಮಗು. ತಿಂಗಳಾಯ್ತು."

"ತಿಂಗಳಾಯ್ತಾ? ಈಗ ಹೇಳುದಾ? ಹೆಸರೆಂತ?"

"ಆಸ್ಪತ್ರೆ ಕಾಗದಕ್ಕೆ ಬರ್ದು ಕೊಟ್ಟಾಗಿದೆ. ಆದ್ರೆ ಬಾಯಿಬಿಟ್ಟು ಕರೀಲಿಲ್ಲ. ನೂಲು ನೀನು ಕಟ್ಬೇಕಲ್ಲ. ನೀನು ಬಾರದೆ ಹೆಸರಿಲ್ಲ."

"ಮತ್ತೆ ಮಗುವನ್ನು ಎಂತ ಹೇಳಿ ಕರೀತೀರಿ?"

"ಇಸಾಬೆಲ್ ಅವಳ ಭಾಷೇಲಿ ಎಲೆಕೋಸು ಅಂತಾಳೆ. ಇಲ್ಲಿ ಮುದ್ದಿಗೆ ಹಾಗೆ ಹೇಳುದು."

ಇಸಾಬೆಲ್ ಅವನ ಹೆಂಡತಿ. ಫೋಟೋದಲ್ಲಿ ಮಾತ್ರ ನೋಡಿದ್ದೇನೆ. ನಗುಮುಖ, ಕೆಂಪು ಕೂದಲು. ಆದರೆ ಬಂಗಾರದಂಥ ಮಗುವಿಗೆ ಎಲೆಕೋಸು?

ನಮ್ಮ ಮನೆಯ ಕ್ರಮದಲ್ಲಿ ಮಗುವಿನ ಸೊಂಟಕ್ಕೆ ಮೊದಲ ಕಪ್ಪು ನೂಲನ್ನು ಅಪ್ಪನ ಅಕ್ಕನೋ ತಂಗಿಯೋ ಕಟ್ಟಬೇಕು. ಕಟ್ಟಿ, ಕಿವಿಯಲ್ಲಿ ಹೆಸರು ಹೇಳಬೇಕು. ಆಮೇಲೆ ಉಳಿದವರು ಕರೆಯುವುದು. ಸುಕೇಶನಿಗೆ ನಾನೊಬ್ಬಳೇ ಅಕ್ಕ. ಅವನಿರುವುದು ಕೆನಡಾದ ಕ್ವಿಬೆಕ್ ಎಂಬ ಊರಿನಲ್ಲಿ. ನಾನಿರುವುದು ಸಿಡ್ನಿಯಲ್ಲಿ. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಜೂನ್ ಕೊನೆಗೆ ಐದು ದಿನ ಸಾಕಂತೆ.

ಮಾರ್ಚ್ 12, ಬುಧವಾರ

ಬ್ಲ್ಯಾಕ್‌ಟೌನಿನ ವೃದ್ಧಾಶ್ರಮದ ಲಾಂಡ್ರಿಯಲ್ಲಿ ನನ್ನ ಕೆಲಸ. ಇವತ್ತು ಹಾಸಿಗೆ ಬಟ್ಟೆ ಮಡಚುತ್ತಾ ಚಿಂತೆಗಳನ್ನು ಎಣಿಸಿದೆ. ಬೀಡಿ ಕಟ್ಟುತ್ತಿದ್ದಾಗಿನ ಅಭ್ಯಾಸ: ಇಪ್ಪತ್ತೈದಾದರೆ ಒಂದು ಕಟ್ಟು, ನೂಲು ಸುತ್ತಿ ಬದಿಗಿಡುವುದು. ವಿಮಾನ ಬಿದ್ದರೆ. ವಿಮಾನ ಬೀಳದೆ ನಾನು ತಪ್ಪು ವಿಮಾನ ಹತ್ತಿದರೆ. ಅಲ್ಲಿ ಯಾರಿಗೂ ಇಂಗ್ಲಿಷ್ ಬಾರದಿದ್ದರೆ, ಬಂದರೂ ನನ್ನ ಇಂಗ್ಲಿಷ್ ಅವರಿಗೆ ತಿಳಿಯದಿದ್ದರೆ. ನೂಲು ಕಳೆದರೆ. ಮಗು ನನ್ನನ್ನು ನೋಡಿ ಕಿರುಚಿದರೆ. ಇಸಾಬೆಲ್‌ಗೆ ಕೈಮುಗಿಯುವುದೋ ಕೆನ್ನೆಗೆ ಮುತ್ತು ಕೊಡುವುದೋ. ಮಧ್ಯಾಹ್ನದ ಬೆಲ್ಲಾಗುವಾಗ ಒಂದು ಕಟ್ಟಾಗಿ ಎರಡನೆಯದರಲ್ಲಿ ಹದಿನೇಳಾಗಿತ್ತು.

ಎಲ್ಲಕ್ಕಿಂತ ದೊಡ್ಡದು ಕಟ್ಟಿನೊಳಗೆ ಬರಲೇ ಇಲ್ಲ.

ಸುಕೇಶ ಹುಟ್ಟಿದ ವರ್ಷವೇ ನಾನು ಶಾಲೆ ಬಿಟ್ಟದ್ದು. ಅಮ್ಮನಿಗೆ ಕೈ ಸಾಲುತ್ತಿರಲಿಲ್ಲ. ಮಡಿಲಲ್ಲಿ ಬೀಡಿಯ ಗೆರಸೆ, ಕಾಲ ಹೆಬ್ಬೆರಳಿಗೆ ತೊಟ್ಟಿಲ ಹಗ್ಗ. ಹಾಗೆ ಅವನನ್ನು ತೂಗಿದೆ, ಹಾಗೆಯೇ ಓದಿಸಿದೆ. ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಅವನು ಕಾಲೇಜು ಬಿಟ್ಟು ಹಡಗಿನ ಅಡುಗೆಮನೆ ಸೇರಿದ. ಹೊರಡುವ ದಿನ ನೆರೆಹೊರೆಯವರ ಎದುರಿಗೇ ನಾನು ಹೇಳಿದೆ: "ನಾನು ಶಾಲೆ ಬಿಟ್ಟದ್ದು ನೀನು ಇನ್ನೊಬ್ಬರ ಪಾತ್ರೆಗೆ ಸೌಟು ಹಾಕ್ಲಿಕ್ಕಾ? ಅಡುಗೆಭಟ್ಟನ ಅಕ್ಕ ಅಂತ ಹೇಳಿಸಿಕೊಳ್ಳುದಕ್ಕಿಂತ ನೀನು ಹುಟ್ಟದಿದ್ರೆ ಒಳ್ಳೇದಿತ್ತು."

ಅವನು ಚಪ್ಪಲಿ ಹಾಕಿ ಹೋದ. ಹದಿನೇಳು ವರ್ಷವಾಯಿತು, ಎದುರೆದುರು ಕಂಡಿಲ್ಲ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಫೋನಿನಲ್ಲಿ ಆಗುವ ಕೆಲಸವಲ್ಲ. ಅಲ್ಲಿಗೆ ಹೋದರೂ ನನ್ನ ಬಾಯಿಯಿಂದ ಬರುತ್ತದೆ ಎಂದು ಯಾವ ದೇವರು ಬರೆದುಕೊಡುತ್ತಾನೆ?

ಮಾರ್ಚ್ 29, ಶನಿವಾರ

ಬ್ಲ್ಯಾಕ್‌ಟೌನ್ ಲೈಬ್ರರಿಗೆ ಹೋದೆ. ಹದಿಮೂರು ವರ್ಷದಿಂದ ಅದರ ಎದುರೇ ಬಸ್ಸು ಹತ್ತುತ್ತಿದ್ದರೂ ಒಳಗೆ ಕಾಲಿಟ್ಟಿರಲಿಲ್ಲ. ಓದಲು ಬಾರದವಳು ಎಂದು ಕಂಡುಹಿಡಿದು ಹೊರಗೆ ಕಳಿಸುತ್ತಾರೆ ಎಂಬ ಹೆದರಿಕೆ. ಯಾರೂ ಕಳಿಸಲಿಲ್ಲ. ಅಲ್ಲಿನ ಹೆಂಗಸು ಊರಿನ ಹೆಸರು ಕೇಳಿ, ಎರಡು ಪುಸ್ತಕ ಹುಡುಕಿ, ಕಾರ್ಡನ್ನೂ ಮಾಡಿಕೊಟ್ಟಳು.

ಚಿತ್ರಗಳನ್ನೇ ಒಂದು ಗಂಟೆ ನೋಡಿದೆ. ಹೀಗೂ ಒಂದು ಊರಿದೆಯಲ್ಲ! ಊರಿಗೆ ಊರೇ ಕಲ್ಲಿನ ಕೋಟೆಯೊಳಗೆ. ಮೇಲೊಂದು ಪೇಟೆ, ಕೆಳಗೊಂದು ಪೇಟೆ, ನಡುವೆ ಗೋಡೆಗೆ ಏಣಿ ಒರಗಿಸಿದ ಹಾಗೆ ಮೆಟ್ಟಿಲು. ಹಸಿರು ತಾಮ್ರದ ಮಾಡಿನ ಒಂದು ಹೋಟೆಲು ಅರಮನೆಯಂತೆ ಎತ್ತರದಲ್ಲಿ ಕೂತಿದೆ. ಕೆಳಗೆ ಹೊಳೆ. ಎಂಥ ಹೊಳೆ! ಅದರ ಮೇಲೆ ದೊಡ್ಡ ಹಡಗುಗಳು ಆಟಿಕೆಗಳ ಹಾಗೆ ಕಾಣುತ್ತವೆ. ಸಮುದ್ರದಿಂದ ಅಗಲವಾಗಿ ಒಳಗೆ ಬಂದು ಈ ಊರಿನ ಹತ್ತಿರ ಕಿರಿದಾಗುತ್ತದಂತೆ. ಅಲ್ಲಿನ ಮೂಲ ಜನರ ಮಾತಿನಲ್ಲಿ ಊರಿನ ಹೆಸರಿಗೆ ಅದೇ ಅರ್ಥ, ಹೊಳೆ ಕಿರಿದಾಗುವ ಜಾಗ. ಈ ವರ್ಷ ಊರು ಕಟ್ಟಿ ನಾನೂರು ತುಂಬುತ್ತದೆ.

ಆಶ್ಚರ್ಯ ಬೇರೆಯೇ ಇದೆ. ಸುತ್ತಮುತ್ತ ಅಷ್ಟು ದೊಡ್ಡ ಇಂಗ್ಲಿಷ್ ದೇಶ, ಇಂಗ್ಲಿಷರೇ ಗೆದ್ದು ಇನ್ನೂರೈವತ್ತು ವರ್ಷ ಆಗಿದೆ, ಆದರೂ ಅಂಗಡಿಯಲ್ಲಿ, ಶಾಲೆಯಲ್ಲಿ, ಜಗಳದಲ್ಲಿ ಅವರು ಫ್ರೆಂಚನ್ನು ಬಿಟ್ಟಿಲ್ಲ. ಇಲ್ಲಿ ನಾನು ತುಳುವಿನಲ್ಲಿ ಊಟವಾಯಿತಾ ಎಂದರೆ ಹೊಟ್ಟೆಯಲ್ಲಿ ಹುಟ್ಟಿದವಳು "ಯಾ, ಐ ಹ್ಯಾಡ್ ಪಾಸ್ತಾ" ಎನ್ನುತ್ತಾಳೆ. ಆ ಜನರಿಗೆ ಒಂದು ನಮಸ್ಕಾರ ಹಾಕಬೇಕು.

ದಿನಕ್ಕೆ ಒಂದು ಪುಟ ಓದುವುದೆಂದು ಇಟ್ಟುಕೊಂಡಿದ್ದೇನೆ. ಡಿಕ್ಷನರಿ ಪಕ್ಕದಲ್ಲಿದೆ.

ಏಪ್ರಿಲ್ 6, ಭಾನುವಾರ

ಈ ಸಲ ನಾನೇ ಸುಕೇಶನಿಗೆ ಫೋನ್ ಮಾಡಿದೆ. ಕೋಟೆಗೆ ಎಷ್ಟು ಬಾಗಿಲು, ನಿನ್ನ ಮನೆ ಮೆಟ್ಟಿಲಿನ ಮೇಲೋ ಕೆಳಗೋ ಎಂದು ಕೇಳಿದೆ. ಅವನು, "ನೀನು ಎಲ್ಲಿ ಓದಿದ್ದು ಅಕ್ಕಾ ಇದೆಲ್ಲ?" ಎಂದ.

ಮನೆ ಕೆಳಪೇಟೆಯಲ್ಲಿ, ದೋಣಿ ಕಟ್ಟೆಯ ಹತ್ತಿರ. ಆಚೆ ದಡಕ್ಕೆ ದೊಡ್ಡ ದೋಣಿ ಹೋಗಿ ಬರುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆ ಒಡೆದುಕೊಂಡು. ಆಮೇಲೆ ಅವನು ಹೇಳಿದ್ದನ್ನು ಹಾಗೆಯೇ ಬರೆದಿಡುತ್ತೇನೆ.

"ಅಕ್ಕಾ, ಇಲ್ಲಿ ಹೊಳೆಗೂ ಉಬ್ಬರ ಇಳಿತ ಉಂಟು."

"ಸಮುದ್ರ ಹತ್ತಿರವಾ?"

"ಎಲ್ಲಿಯ ಹತ್ತಿರ! ನೀರು ಸಿಹಿ. ಆದ್ರೂ ದಿನಕ್ಕೆ ಎರಡು ಸಲ ಏರ್ತದೆ, ಇಳೀತದೆ. ಹಡಗಿಂದ ಇಳಿದ ದಿನ ನಾನು ದಡದಲ್ಲಿ ನಿಂತು ನೋಡ್ದೆ. ಕೆಮ್ಮಣ್ಣಿನ ಕಡವಿನ ಹಾಗೇ ನೀರು ಕಲ್ಲಿನ ಮೇಲೆ ಮೆಲ್ಲ ಹತ್ತಿ ಬಂತು. ಇಲ್ಲೇ ಇರುವ ಅಂತ ಕಂಡಿತು."

ನಮ್ಮ ಊರು ಕೆಮ್ಮಣ್ಣಿನಲ್ಲಿ ಮೊದಲು ನಾನು, ಆಮೇಲೆ ಅವನು, ದೋಣಿಯಲ್ಲಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದೆವು. ಇಳಿತದ ಹೊತ್ತಿಗೆ ಕೆಸರಿನಲ್ಲಿ ಇಳಿಯಬೇಕು, ಉಬ್ಬರಕ್ಕೆ ಚಪ್ಪಲಿ ಒದ್ದೆಯಾಗದು. ಅವನು ಅಲ್ಲಿ ಯಾಕೆ ಉಳಿದ ಎಂದು ಹದಿನೇಳು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.

ಏಪ್ರಿಲ್ 19, ಶನಿವಾರ. ಡ್ಯಾಂಡಿನಾಂಗ್

ದೀಕ್ಷಿತಾ ಮನೆ ಬದಲಿಸುತ್ತಿದ್ದಾಳೆಂದು ಗಂಡನೊಟ್ಟಿಗೆ ಮೆಲ್ಬರ್ನ್‌ಗೆ ಬಂದಿದ್ದೇನೆ; ಅವರು ಅವಳ ಮನೆಯಲ್ಲಿ ಸಾಮಾನು ಕಟ್ಟುತ್ತಿದ್ದಾರೆ. ಇಲ್ಲಿ ಪಂಚಾಕ್ಷರಯ್ಯ ಎಂಬ ಧಾರವಾಡದ ಕಡೆಯವರು ಟಿಕೆಟ್ ಮಾಡಿಸಿಕೊಡುತ್ತಾರೆ. ಸೀರೆ ಅಂಗಡಿಯ ಹಿಂದೆ ಒಂದು ಮೇಜು, ಎರಡು ಫೋನು, ಗೋಡೆ ತುಂಬ ವಿಮಾನ. ದೀಕ್ಷಿತಾ ಕಾರಿಗೆ ಜಾಗ ಹುಡುಕುತ್ತಿದ್ದಳು, ನಾನೊಬ್ಬಳೇ ಒಳಗೆ ಹೋದೆ.

"ಬರ್ರಿ ಅಕ್ಕಾರ, ಕುಂದರ್ರಿ. ಎಲ್ಲಿಗಿ?"

ಕ್ವಿಬೆಕ್‌ಗೆ, ಗಂಡ ನಾನು ಇಬ್ಬರು ಎಂದೆ. ಅವರು ಕಂಪ್ಯೂಟರ್ ಕುಟ್ಟಿದರು.

"ಲಾಸ್ ಏಂಜಲೀಸ್ ಮ್ಯಾಲಿಂದ ಚಲೋ ಸಿಗತೈತಿ. ನಿಮ್ದೂ ಯಜಮಾನ್ರದೂ ಇಬ್ರದೂ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಹೌದಲ್ರಿ? ಮತ್ತ ಏನೂ ತ್ರಾಸಿಲ್ಲ."

ನಾನು ತಲೆ ಆಡಿಸಿದೆ.

ಯಾಕೆ ಆಡಿಸಿದೆ? ಗಂಡನದೂ ಮಗಳದೂ ಆಸ್ಟ್ರೇಲಿಯಾದ್ದು, ನನ್ನದು ಮಾತ್ರ ಇಂಡಿಯಾ ಪಾಸ್‌ಪೋರ್ಟ್. ಪಕ್ಕದ ಕುರ್ಚಿಯಲ್ಲಿ ಇನ್ನಿಬ್ಬರು ಕನ್ನಡದವರು ಕೂತಿದ್ದರು. ಹದಿಮೂರು ವರ್ಷವಾದರೂ ಇವಳಿಗೆ ಸಿಟಿಜನ್‌ಶಿಪ್ ಸಿಕ್ಕಿಲ್ಲ ಎಂದುಕೊಳ್ಳುತ್ತಾರೆ ಎಂದು ಕಂಡಿತು. ಪಾಸ್‌ಪೋರ್ಟ್ ಕಾಪಿ ಆಮೇಲೆ ಫ್ಯಾಕ್ಸ್ ಮಾಡಿ ಅಂದರು. ಹೂಂ ಎಂದು ಎದ್ದು ಬಂದೆ.

ಏಪ್ರಿಲ್ 20, ಭಾನುವಾರ

ಬರೆಯಲು ಮನಸ್ಸಿಲ್ಲ.

ಏಪ್ರಿಲ್ 26, ಶನಿವಾರ. ಕ್ವೇಕರ್ಸ್ ಹಿಲ್

ಲೈಬ್ರರಿ ಪುಸ್ತಕದ ಕೊನೆಯಲ್ಲಿ ಸಣ್ಣ ಅಕ್ಷರದ ಪುಟಗಳಿವೆ, ಯಾರೂ ಓದದ ಭಾಗ. ನಾನು ಓದಿದೆ. ಯಾವ ಯಾವ ದೇಶದವರಿಗೆ ಕೆನಡಾ ವೀಸಾ ಬೇಡ ಎಂಬ ಪಟ್ಟಿ. ಬೆರಳಿಟ್ಟು ಮೇಲಿಂದ ಕೆಳಗೆ ಮೂರು ಸಲ ಬಂದೆ. ಇಂಡಿಯಾ ಇಲ್ಲ. ಆಸ್ಟ್ರೇಲಿಯಾ ಇದೆ.

ಇವರಿಗೆ ತೋರಿಸಿದೆ. ಇವರು ಎಂದರೆ ನನ್ನ ಗಂಡ ಕಾಂತಪ್ಪ, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವರು, ಯಾವುದಕ್ಕೂ ಹೆದರದವರು.

"ಎಂತ ವೀಸಾ ಮಾರಾಯ್ತಿ? ಇಲ್ಲಿಗೂ ಅದೇ ರಾಣಿ, ಅಲ್ಲಿಗೂ ಅದೇ ರಾಣಿ. ಒಂದೇ ಮನೆಯ ಎರಡು ಕೋಣೆ."

"ಪುಸ್ತಕದಲ್ಲಿ ಹಾಗಿಲ್ಲ."

"ಪುಸ್ತಕ ಬರೆದವನಿಗೆ ರಾಣಿ ಗೊತ್ತುಂಟಾ?"

ಇವರ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲವೆಂದು ಪಂಚಾಕ್ಷರಯ್ಯನವರಿಗೆ ನಾನೇ ಫೋನ್ ಮಾಡಿದೆ. "ಅಣ್ಣ, ಅವತ್ತು ನಾನು ಸುಳ್ಳು ತಲೆ ಆಡಿಸಿದೆ. ನನ್ನದು ಇಂಡಿಯಾ ಪಾಸ್‌ಪೋರ್ಟ್" ಎಂದೆ.

"ಅಕ್ಕಾರ, ದೇವ್ರು ದೊಡ್ಡಾಂವ. ಬರೇ ಕೆನಡಾ ವೀಸಾ ಅಲ್ರಿ. ಲಾಸ್ ಏಂಜಲೀಸ್‌ನ್ಯಾಗ ಬರೇ ವಿಮಾನ ಬದಲಿ ಮಾಡ್ಲಿಕ್ಕೂ ನಿಮಗ ಅಮೆರಿಕದ ವೀಸಾ ಬೇಕಾಗ್ತಿತ್ತು. ಇಲ್ಲೇ ಸಿಡ್ನಿಯೊಳಗ ಕೌಂಟರಿನ್ಯಾಗ ತಡದು ನಿಲ್ಲಸ್ತಿದ್ರು. ಯಜಮಾನ್ರು ಹೋಗ್ತಿದ್ರು, ನೀವು ಸೂಟ್‌ಕೇಸ್ ತಗೊಂಡು ಮನೀಗೆ!"

"ವ್ಯಾಂಕೂವರ್‌ಗೆ ನೇರ ಹೋಗುವುದು ಒಂದು ಉಂಟಲ್ಲ? ಅಲ್ಲಿಂದ ಮಾಂಟ್ರಿಯಲ್. ಅಲ್ಲಿಂದ ಮೂರೂವರೆ ಗಂಟೆ ರೈಲು. ಅಮೆರಿಕ ಮುಟ್ಟುವುದೇ ಬೇಡ."

"ಐತ್ರಿ. ಇಷ್ಟೆಲ್ಲಾ ನಿಮಗ ಯಾರ್ ಹೇಳಿದ್ರು?"

ಸಂಜೆ ದೀಕ್ಷಿತಾಳಿಗೂ ಹೇಳಿಬಿಟ್ಟೆ. ಇಷ್ಟು ವರ್ಷ ಎಲ್ಲರ ಹತ್ತಿರ ನಾನು ದೇಶಾಭಿಮಾನದ ಮಾತಾಡಿದ್ದೆ, ಸಾಯುವವರೆಗೂ ಭಾರತದವಳೇ ಎಂದು ಎದೆ ತಟ್ಟಿದ್ದೆ. ನಿಜ ಅದಲ್ಲ. ಮೊದಲು ಇಂಟರ್‌ವ್ಯೂ ಹೆದರಿಕೆ, ಕಳೆದ ವರ್ಷದಿಂದ ಕಂಪ್ಯೂಟರ್ ಪರೀಕ್ಷೆಯ ಹೆದರಿಕೆ. ಏಳನೇ ಕ್ಲಾಸಿನವಳು ಫೇಲಾದರೆ ಊರೆಲ್ಲ ನಗುತ್ತದೆ.

"ಐ ನೋ, ಅಮ್ಮಾ" ಎಂದಳು ಅವಳು. "ಅಪ್ಪನಿಗೂ ಗೊತ್ತು. ವಿ ಜಸ್ಟ್ ಡಿಡಂಟ್ ಸೇ."

ಎಷ್ಟು ಒಳ್ಳೆಯ ಮಗಳು, ಎಷ್ಟು ಒಳ್ಳೆಯ ಗಂಡ. ಈ ವಾರದ ಚಿಂತೆ ಹದಿನಾರು. ಕಟ್ಟು ತುಂಬಲಿಲ್ಲ.

ಮೇ 8, ಗುರುವಾರ

ಸಿಟಿಗೆ ಹೋಗಿ ವೀಸಾ ಅರ್ಜಿ ಕೊಟ್ಟೆ. ದೀಕ್ಷಿತಾ ಫಾರಂ ತುಂಬಿದ್ದಳು, ಒಂದು ಕಡೆ ತಾರೀಕು ತಪ್ಪಿತ್ತು, ನಾನೇ ಕಂಡುಹಿಡಿದು ತಿದ್ದಿಸಿದ್ದೆ. ಗಾಜಿನ ಹಿಂದೆ ಒಬ್ಬ ಬೋಳುತಲೆಯವನು, ಮುಖದಲ್ಲಿ ನಗು ಇಲ್ಲ. ಐದು ದಿನಕ್ಕೆ ಇಷ್ಟು ದೂರ ಯಾಕೆ ಎಂದು ಕೇಳಿದ.

ದಾರಿಯಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. "ಮೈ ಬ್ರದರ್ ಬೇಬಿ. ಆಂಟಿ ಟೈ ಥ್ರೆಡ್. ದೆನ್ ಓನ್ಲಿ ನೇಮ್" ಎಂದೆ. ನಡುವಿಗೆ ಕೈಯಿಟ್ಟು ತೋರಿಸಿದೆ.

"ಅಲ್ಲಿಯವರೆಗೆ ಮಗುವಿಗೆ ಹೆಸರಿಲ್ಲವೇ?"

"ಕ್ಯಾಬೇಜ್" ಎಂದೆ.

ಅವನು ಪೆನ್ನು ಕೆಳಗಿಟ್ಟ. ಎಲ್ಲಿ ಉಳಿಯುತ್ತೀರಿ ಎಂದ. ಕೆಳಪೇಟೆ, ಕಡಿದಾದ ಮೆಟ್ಟಿಲಿನ ಬುಡದಿಂದ ಬಲಕ್ಕೆ, ದೋಣಿ ಕಟ್ಟೆಗೆ ಮುಟ್ಟುವ ಮೊದಲು ಮೂರನೇ ಮನೆ; ಶನಿವಾರ ಕೋಟೆಯ ಗೋಡೆಯ ಮೇಲೆ ನಡೆಯುವುದು, ಭಾನುವಾರ ನೂಲು, ಸೋಮವಾರ ದೋಣಿ, ಅವತ್ತು ಮಧ್ಯಾಹ್ನ ನೀರು ಏರುವ ಹೊತ್ತು ಎಂದು ತಮ್ಮ ಹೇಳಿದ್ದಾನೆ. ಹೇಳುತ್ತಾ ಹೋದೆ. ನಿಲ್ಲಿಸಲು ಅವನೇ ಕೈ ಎತ್ತಬೇಕಾಯಿತು.

ತಾನು ಆ ಊರಿಗೆ ಎರಡು ಸಲ ಹೋಗಿದ್ದರೂ ನನ್ನಷ್ಟು ಗೊತ್ತಿಲ್ಲ ಎಂದ. ಆಗ ನಕ್ಕ.

ಹೊರಗೆ ಬಂದು ಬೆಂಚಿನ ಮೇಲೆ ಕೂತು ಚಪಾತಿ ತಿಂದೆ. ಇಷ್ಟೇನಾ, ಎಂದು ಅನಿಸಿತು.

ಮೇ 27, ಮಂಗಳವಾರ

ವೀಸಾ ಬಂತು. ಪಾಸ್‌ಪೋರ್ಟನ್ನು ದೇವರ ಮುಂದಿಟ್ಟು, ಆಮೇಲೆ ಅಲ್ಲಿಂದ ತೆಗೆದು ಅಕ್ಕಿ ಡಬ್ಬದಲ್ಲಿಟ್ಟೆ. ಕಳ್ಳರು ಮೊದಲು ದೇವರ ಕೋಣೆ ನೋಡುತ್ತಾರೆ.

ನೂಲನ್ನೂ ಹೊಸೆದೆ. ಒಂಬತ್ತು ಎಳೆ, ತೊಡೆಯ ಮೇಲೆ. ಅಮ್ಮ ದೀಕ್ಷಿತಾಳಿಗೆ ಹೊಸೆದದ್ದು ಹೀಗೆಯೇ.

ಜೂನ್ 10, ಮಂಗಳವಾರ

ಇವರು ಕೆಲಸದಿಂದ ಬಂದವರು ಬೂಟು ಬಿಚ್ಚದೆ ಸೋಫಾದಲ್ಲಿ ಕೂತರು. ಜೂನ್ ಮೂವತ್ತಕ್ಕೆ ವರ್ಷದ ಲೆಕ್ಕ ಮುಗಿಯುವ ಸ್ಟಾಕ್‌ಟೇಕ್, ಯಾರಿಗೂ ರಜೆ ಇಲ್ಲ, ಕೊಟ್ಟ ರಜೆಯೂ ಕ್ಯಾನ್ಸಲ್.

"ಹೋಗ್ಲಿ, ಡಿಸೆಂಬರ್‌ನಲ್ಲಿ ಹೋಗುವ" ಎಂದರು.

"ಡಿಸೆಂಬರ್‌ನಲ್ಲಿ ಅಲ್ಲಿ ಹೊಳೆಯಲ್ಲಿ ಮಂಜುಗಡ್ಡೆ ತೇಲ್ತದೆ. ಅಷ್ಟರವರೆಗೆ ಮಗುವನ್ನು ಎಲೆಕೋಸು ಅಂತ ಕರೆಯುವುದಾ?"

"ಮತ್ತೆ?"

"ನಾನು ಹೋಗ್ತೇನೆ."

"ಯಾರೊಟ್ಟಿಗೆ?"

"ಯಾರೊಟ್ಟಿಗೂ ಇಲ್ಲ. ವಿಮಾನದಲ್ಲಿ ಜನ ಇರ್ತಾರಲ್ಲ."

ಇವರು ನನ್ನನ್ನು ಹೊಸಬಳ ಹಾಗೆ ನೋಡಿದರು. ಆಮೇಲೆ ಶುರು: ವ್ಯಾಂಕೂವರ್‌ನಲ್ಲಿ ದಾರಿ ತಪ್ಪಿದರೆ? ರೈಲು ಹೋಗಿಬಿಟ್ಟರೆ? ನಿನಗೆ ತಲೆ ತಿರುಗಿದರೆ? ಇಲ್ಲಿ ನನಗೆ ತಲೆ ತಿರುಗಿದರೆ? ಗ್ಯಾಸ್ ಆಫ್ ಮಾಡಲು ಮರೆತರೆ? ನಾನು ಅಕ್ಕಿ ತೊಳೆಯುತ್ತಾ ಕೇಳಿದೆ. ಹನ್ನೊಂದಾಯಿತು. ಪಾಪ, ಮದುವೆಯಾಗಿ ಇಪ್ಪತ್ತೈದು ವರ್ಷದಲ್ಲಿ ಇವರು ಮನೆಯಲ್ಲಿ ಒಬ್ಬರೇ ಮಲಗಿಲ್ಲ.

ಜೂನ್ 15, ಭಾನುವಾರ

ಇವರಿಗೆ ಸಾರು ಮಾಡುವುದು ಕಲಿಸಿದೆ. ಉಪ್ಪು ಎರಡು ಸಲ ಹಾಕಿದರು. ಬೀರುವಿನ ಬಾಗಿಲಿಗೆ ಎಲ್ಲ ಬರೆದು ಅಂಟಿಸಿದ್ದೇನೆ, ಕಸದ ಡಬ್ಬ ಯಾವ ವಾರ ಯಾವುದು, ಅಕ್ಕಿಗೆ ನೀರೆಷ್ಟು. ಒತ್ತಕ್ಷರ ತಪ್ಪಿದೆಯೋ ಏನೋ, ನೋಡಲಿಲ್ಲ.

ಲೈಬ್ರರಿ ಪುಸ್ತಕಗಳನ್ನು ನಿನ್ನೆ ವಾಪಸ್ ಕೊಟ್ಟೆ. ಆ ಹೆಂಗಸು "ಟೆಲ್ ಮಿ ಎವ್ರಿಥಿಂಗ್ ವೆನ್ ಯೂ ಗೆಟ್ ಬ್ಯಾಕ್" ಎಂದಳು. ಬರುವಾಗ ಬಾಗಿಲ ಬಳಿ ಸಿಟಿಜನ್‌ಶಿಪ್ ಪರೀಕ್ಷೆಯ ಪುಸ್ತಕ ಪುಕ್ಕಟೆ ಇಟ್ಟಿದ್ದರು. ಒಂದು ತಂದಿದ್ದೇನೆ. ವಿಮಾನದಲ್ಲಿ ಹದಿನಾಲ್ಕು ಗಂಟೆ ಏನು ಮಾಡುವುದು?

ಸುಕೇಶನಿಗೆ ಹೇಳಬೇಕಾದ ಮಾತನ್ನು ಬರೆದು ನೋಡಿದೆ. "ತಮ್ಮಾ, ಅವತ್ತು ನಾನು ಆಡಿದ್ದು ತಪ್ಪು." ಹರಿದೆ. "ನೀನು ಎಂಥ ಕೆಲಸ ಮಾಡಿದರೂ." ಅದನ್ನೂ ಹರಿದೆ. ಎಂಥ ಕೆಲಸ ಮಾಡಿದರೂ ಎಂದರೆ ಇನ್ನೊಮ್ಮೆ ಬೈದ ಹಾಗೆಯೇ ಆಯಿತು.

ಜೂನ್ 25, ಬುಧವಾರ. ಸಿಡ್ನಿ ಏರ್‌ಪೋರ್ಟ್

ದೀಕ್ಷಿತಾ ಮೆಲ್ಬರ್ನ್‌ನಿಂದ ಬಂದಿದ್ದಳು, ತಬ್ಬಿಕೊಂಡು ಅತ್ತಳು. ಇವರು ಪಾಸ್‌ಪೋರ್ಟ್ ಇದೆಯಾ ಎಂದು ಆರು ಸಲ ಕೇಳಿದರು, ಆರು ಸಲವೂ ತೋರಿಸಿದೆ. "ಹೆದರಬೇಡಿ, ಐದು ದಿನ ತಾನೆ" ಎಂದೆ. ಇವತ್ತು ಹೊರಟು ಇವತ್ತೇ ತಲುಪುವ ವಿಮಾನ. ದಿನವನ್ನೇ ಮಡಚಿ ಕೈಯಲ್ಲಿ ಕೊಡುತ್ತಾರೆ, ಎಂಥ ವಿದ್ಯೆ!

ಕರೆಯುತ್ತಿದ್ದಾರೆ.

ಜೂನ್ 29, ಭಾನುವಾರ. ಕ್ವಿಬೆಕ್

ಬಂದು ಮೂರು ದಿನ, ಬರೆಯಲು ಪುರುಸೊತ್ತಾಗಲಿಲ್ಲ.

ರೈಲು ನಿಲ್ದಾಣವೇ ಒಂದು ಅರಮನೆ. ಅದರ ಬಾಗಿಲಲ್ಲಿ ಒಬ್ಬ ದಪ್ಪ ಗಂಡಸು, ಕಿವಿಯ ಮೇಲೆ ನರೆ, ಎರಡೂ ಕೈ ಏಪ್ರನ್ನಿಗೆ ಒರೆಸುವವರ ಹಾಗೆ ಅಂಗಿಗೆ ಒರೆಸುತ್ತಾ ನಿಂತಿದ್ದ. ನಾನು ಇಪ್ಪತ್ತೊಂದರ ಹುಡುಗನನ್ನು ಹುಡುಕುತ್ತಿದ್ದೆ. "ಅಕ್ಕಾ" ಎಂದಾಗಲೇ ಗೊತ್ತಾದದ್ದು. ಅವನು ನನ್ನ ಸೂಟ್‌ಕೇಸ್ ಹಿಡಿದ, ನಾನು ಅವನ ತೋಳು ಹಿಡಿದೆ. ಮನೆಯವರೆಗೆ ಇಬ್ಬರೂ ಹವೆಯ ವಿಷಯವನ್ನೇ ಮಾತಾಡಿದೆವು. ಇಸಾಬೆಲ್ ನನಗೆ ಕೈಮುಗಿದಳು, ಅದೇ ಹೊತ್ತಿಗೆ ನಾನು ಅವಳ ಕೆನ್ನೆಗೆ ಬಾಗಿದೆ, ಮೂಗಿಗೆ ಮೂಗು ಬಡಿದು ಇಬ್ಬರೂ ನಕ್ಕೆವು. ಮಗು ಕಿರುಚಲಿಲ್ಲ. ನನ್ನ ಮೂಗುತಿ ಹಿಡಿಯಲು ಬಂತು.

ಊರು ಚಿತ್ರಕ್ಕಿಂತ ಚಂದ. ಇನ್ನೇನು ಹೇಳಲಿ.

ನಿನ್ನೆ ಬೆಳಿಗ್ಗೆ ಸೂಟ್‌ಕೇಸ್ ಪೂರ್ತಿ ಬಿಚ್ಚಿದೆ. ನೂಲು ಇಲ್ಲ. ಹೊರಡುವ ಬೆಳಿಗ್ಗೆ ಕೊನೆಯದಾಗಿ ದೇವರ ಮುಂದೆ ಇಟ್ಟಿದ್ದೆ, ಅಲ್ಲಿಯೇ ಉಳಿದಿದೆ. ಮೂವರೂ ಮಲಗಿದ್ದರು. ನೂಲು ತಾನೆ, ಇಷ್ಟು ದೊಡ್ಡ ಊರಿನಲ್ಲಿ ಸಿಗುವುದಿಲ್ಲವೇ ಎಂದು ಕೋಟು ಹಾಕಿಕೊಂಡು ಹೊರಟೆ. ಪುಸ್ತಕದ ನಕಾಶೆ ಕಣ್ಣ ಮುಂದೆ ಇತ್ತು. ಮೆಟ್ಟಿಲು ಹತ್ತಿ, ಅರಮನೆ ಹೋಟೆಲನ್ನು ಎಡಕ್ಕೆ ಬಿಟ್ಟು, ಕೋಟೆ ಬಾಗಿಲು ದಾಟಿದರೆ ಅಂಗಡಿ ಸಾಲು. ನಾಲ್ಕನೆಯದರ ಗಾಜಿನಲ್ಲಿ ಗುಂಡಿ, ಉಣ್ಣೆ, ಲೇಸು. ಬಾಗಿಲು ತೆರೆಯುವವರೆಗೆ ಎದುರಿನ ಕಟ್ಟೆಯಲ್ಲಿ ಕೂತೆ.

"ಬೊಂಜೂರ್" ಎಂದೆ. ಕನ್ನಡಕದ ಅಜ್ಜಿ "ಬೊಂಜೂರ್ ಮದಾಮ್" ಎಂದಳು. "ಫಿಲ್ ನುವಾರ್" ಎಂದೆ. ಕಪ್ಪು ನೂಲಿಗೆ ಏನನ್ನುತ್ತಾರೆ ಎಂದು ಮೇ ತಿಂಗಳಲ್ಲೇ ಡಿಕ್ಷನರಿಯಲ್ಲಿ ನೋಡಿಟ್ಟಿದ್ದೆ. ಅವಳು ಆರು ಬಗೆಯ ಕಪ್ಪು ಹರಡಿದಳು. ಮುಟ್ಟಿ ನೋಡಿ ಹತ್ತಿಯದನ್ನು ಆರಿಸಿದೆ. "ಮೆರ್ಸಿ" ಎಂದಾಗ ಅವಳು ಇನ್ನೇನೋ ಉದ್ದಕ್ಕೆ ಹೇಳಿದಳು. ತಿಳಿಯಲಿಲ್ಲ, ಒಳ್ಳೆಯದೇ ಇರಬೇಕು.

ದೋಣಿ ಕಟ್ಟೆಯ ಹತ್ತಿರ ಕೂತು ಒಂಬತ್ತು ಎಳೆ ಹೊಸೆದೆ. ನೀರು ಏರುತ್ತಿತ್ತು. ಒಂದು ಕಲ್ಲು ಮುಳುಗಿತು, ಆಮೇಲೆ ಇನ್ನೊಂದು. ಸುಕೇಶ ಪೈಜಾಮದಲ್ಲೇ ಓಡಿ ಬಂದ. "ಎಲ್ಲಿ ಹೋದೆ ಮಾರಾಯ್ತಿ? ಪೊಲೀಸಿಗೆ ಫೋನ್ ಮಾಡುದ್ರಲ್ಲಿದ್ದೆ! ಈ ಊರಲ್ಲಿ ನನಗೇ ಮೊದಲ ವರ್ಷ ದಾರಿ ತಪ್ತಿತ್ತು." ಅವನಿಗೆ ಚಿಕ್ಕಂದಿನಿಂದ ಎಲ್ಲದಕ್ಕೂ ಗಾಬರಿ.

ಇವತ್ತು ಹತ್ತು ಗಂಟೆಗೆ ನೂಲು ಕಟ್ಟಿದೆ. ಗಂಟು ಬಿಗಿಯಾಯಿತಾ ಎಂದು ಅವನು ಬಗ್ಗಿ ನೋಡಿದ. "ದಿನಕ್ಕೆ ಸಾವಿರ ಬೀಡಿ ಕಟ್ಟಿದ ಕೈ, ನೀನು ಆಚೆ ಹೋಗು" ಎಂದೆ. ಕಿವಿಯ ಹತ್ತಿರ ಬಾಯಿಟ್ಟು ಹೆಸರು ಹೇಳಿದೆ. ಆದ್ಯಾ. ನಾನು, ಸುಕೇಶ, ಇಸಾಬೆಲ್, ಈ ಅನುಕ್ರಮದಲ್ಲಿ ಕರೆದೆವು. ಇಸಾಬೆಲ್‌ಗೆ ಅಳು ಬಂತು. ಮಗು ಯಾರ ಕಡೆಗೂ ನೋಡಲಿಲ್ಲ, ನೂಲನ್ನು ಎಳೆಯುತ್ತಿತ್ತು.

ಊಟ ಅವನೇ ಮಾಡಿದ್ದ. ನನಗೆಂದು ಅಮ್ಮನ ಹಾಗೆ ಮೀನು ಸಾರು. ಅದರ ಮೊದಲು ಈ ಊರಿನ ಬಡವರ ಅಡುಗೆಯಂತೆ, ಹಳದಿ ಬಟಾಣಿಯ ಗಟ್ಟಿ ಸೂಪು, ಅವನು ಅಡುಗೆ ಮಾಡುವ ಹೋಟೆಲಿಗೆ ಜನ ಬರುವುದೇ ಅದಕ್ಕೆ. ರಾತ್ರಿಯಿಡೀ ನೆನೆಸಿ, ಬೆಳಗಿನಿಂದ ಸಣ್ಣ ಉರಿಯಲ್ಲಿಟ್ಟಿದ್ದ. ಬಡಿಸಿ, ಕೂರದೆ ನನ್ನ ಕುರ್ಚಿಯ ಹಿಂದೆ ನಿಂತ. ಸೌಟು ಕೈಯಲ್ಲೇ ಇತ್ತು. ಅವನು ಉಸಿರಾಡುವುದು ನನಗೆ ಕೇಳುತ್ತಿತ್ತು.

ನಾನು ಕೊನೆಯ ಚಮಚದವರೆಗೆ ಮಾತಾಡದೆ ತಿಂದೆ. ಅಷ್ಟು ರುಚಿ. ಮೀನು ಸಾರು ಕಾಯುತ್ತಿತ್ತು, ಆದರೂ ಬಟ್ಟಲನ್ನು ಹಿಂದಕ್ಕೆ ಚಾಚಿ, "ಇದನ್ನೇ ಇನ್ನೊಂದು ಸೌಟು ಹಾಕು ಸುಕೇಶ" ಎಂದೆ.

ಅವನು ಹಾಕಿದ. ಹಾಕಿ ಅಡುಗೆಮನೆಗೆ ಹೋದವನು ತುಂಬ ಹೊತ್ತು ಬರಲಿಲ್ಲ. ನಲ್ಲಿ ಸುಮ್ಮನೆ ಹರಿಯುವುದು ಕೇಳಿಸಿತು. ಇಸಾಬೆಲ್ ಏಳಲು ಹೋದವಳು ನನ್ನ ಮುಖ ನೋಡಿ ಮತ್ತೆ ಕೂತಳು. ಹೊರಗೆ ಬಂದಾಗ ಅವನ ಕಣ್ಣು ಕೆಂಪಗಿತ್ತು. ಈರುಳ್ಳಿ ಎಂದ.

ಈಗ ಸಂಜೆ. ಮಗು ನನ್ನ ಕಾಲ ಮೇಲೆ ಮಲಗಿದೆ, ಪುಸ್ತಕ ಅದರ ಬೆನ್ನ ಹಿಂದೆ ಹಿಡಿದು ಬರೆಯುತ್ತಿದ್ದೇನೆ. ಕಾಲು ತನ್ನಷ್ಟಕ್ಕೆ ತೂಗುತ್ತಿದೆ. ಇನ್ನು ಉಳಿದದ್ದು ಎರಡೇ ದಿನ. ಬಂದ ಕೆಲಸ ಒಂದು ಹಾಗೆಯೇ ಬಾಕಿ: ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು. ಇವತ್ತಿನ ಗಡಿಬಿಡಿಯಲ್ಲಿ ಮರೆತೇಬಿಟ್ಟೆ. ನಾಳೆ ದೋಣಿಯಲ್ಲಿ ನೆನಪು ಮಾಡಿಕೊಂಡು ಹೇಳಬೇಕು.